ಸಮುದಾಯ ವೈದ್ಯಶಾಸ್ತ್ರ ಆರಿಸಿಕೊಂಡರೆ ವೈದ್ಯೆಯಾಗಿ ಉಳಿಯುತ್ತೇನೆಯೇ?

ಪ್ರಶ್ನೆ: ಗ್ರಾಮೀಣ ಸೇವೆಯ ವೈದ್ಯೆ

ಎಲ್ಲರಿಗೂ ನಮಸ್ಕಾರ. ಎಂಬಿಬಿಎಸ್ ಮುಗಿಸಿ ಕಡ್ಡಾಯ ಗ್ರಾಮೀಣ ಸೇವೆಗೆಂದು ಚಿತ್ರದುರ್ಗ ಜಿಲ್ಲೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿದ್ದೇನೆ. ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ನೀಟ್ ಪಿಜಿಯಲ್ಲಿ ಬಂದಿರುವ ರ‍್ಯಾಂಕಿಗೆ ಜನರಲ್ ಮೆಡಿಸಿನ್ ಸಿಗುವ ಸಂಭವವಿದೆ. ಮನೆಯಲ್ಲಿ ಎಲ್ಲರ ಆಸೆಯೂ ಅದೇ. ನನಗೆ ಸಮುದಾಯ ವೈದ್ಯಶಾಸ್ತ್ರದ, ಅಂದರೆ ಒಬ್ಬೊಬ್ಬ ರೋಗಿಯ ಬದಲು ಇಡೀ ಜನಸಮುದಾಯದ ಆರೋಗ್ಯ ನೋಡುವ ವಿಷಯದ, ಎಂಡಿ ಮಾಡಬೇಕೆನಿಸಿದೆ. ದಾವಣಗೆರೆಯಲ್ಲಿ ನರ್ಸಿಂಗ್ ಹೋಂ ನಡೆಸುವ ನನ್ನ ಚಿಕ್ಕಪ್ಪ, "ಅದು ಬೇರೆ ಸೀಟು ಸಿಗದವರು ತೆಗೆದುಕೊಳ್ಳುವ ವಿಷಯ. ಸ್ಟೆತಸ್ಕೋಪ್ ಕಳಚಿಟ್ಟು ಫೈಲು ಹಿಡಿಯುತ್ತೀಯ" ಎಂದರು. ನನ್ನ ಒಳಿತಿಗೇ ಹೇಳಿದ ಮಾತು ಎಂದು ಗೊತ್ತು, ಆದರೂ ಮನಸ್ಸಿನಿಂದ ಹೋಗುತ್ತಿಲ್ಲ.

ನಮ್ಮ ವ್ಯಾಪ್ತಿಯಲ್ಲಿ ಒಂದು ಗೊಲ್ಲರಹಟ್ಟಿ ಇದೆ. ಜ್ವರ, ಕೆಮ್ಮು ಎಂದು ಅಲ್ಲಿಂದ ಗಂಡಸರು ಬರುತ್ತಾರೆ, ಮಕ್ಕಳನ್ನೂ ಕರೆತರುತ್ತಾರೆ. ಬಾಣಂತಿಯರು ಮಾತ್ರ ಬರುವುದಿಲ್ಲ. ಹೆರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಆಗುತ್ತದೆ. ವಾಪಸು ಬಂದ ಮೇಲೆ ಸೂತಕವೆಂದು ತಾಯಿ, ಮಗು ಇಬ್ಬರನ್ನೂ ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಇರಿಸುತ್ತಾರೆ. ಆಶಾ ಕಾರ್ಯಕರ್ತೆಯ ಜೊತೆ ಹೋಗಿ ನೋಡಿದೆ. ತೆಂಗಿನ ಗರಿ ಕಟ್ಟಿದ ಗೋಡೆ, ಕೆಳಗೆ ಒಂದು ಚಾಪೆ, ಮಗುವಿನ ಪಾದ ಮುಟ್ಟಿದರೆ ತಣ್ಣಗಿತ್ತು. ಮಗುವನ್ನು ಬರಿ ಎದೆಗೆ ಒತ್ತಿಕೊಂಡು ಮೇಲೆ ಕಂಬಳಿ ಹೊದೆಯುವುದನ್ನು ತಾಯಿಗೆ ತೋರಿಸಿಕೊಟ್ಟು, ಪಾದ ಬೆಚ್ಚಗಾಗುವವರೆಗೆ ಅಲ್ಲೇ ಕುಳಿತಿದ್ದೆ. ಈಗ ಹೊರರೋಗಿಗಳ ಸಾಲು ನೋಡುವಾಗೆಲ್ಲ, ಈ ಸಾಲಿನಲ್ಲಿ ಇಲ್ಲದವರು ಯಾರು ಎಂಬ ಯೋಚನೆ ಬರುತ್ತದೆ.

ಈ ದಾರಿಯಲ್ಲಿ ಮುಂದೆ ಹೋದವರು ದಯವಿಟ್ಟು ಹೇಳಿ. ಸಾರ್ವಜನಿಕ ಆರೋಗ್ಯದಲ್ಲಿ ಮುಂದಾಳಾಗಿ ನಿಂತ ವೈದ್ಯರ ವೃತ್ತಿಜೀವನ ನಿಜವಾಗಿ ಹೇಗಿರುತ್ತದೆ? ರೋಗಿಯ ಮೈ ಮುಟ್ಟಿ ನೋಡುವ ಕೆಲಸ ಪೂರ್ತಿ ತಪ್ಪಿಹೋಗುತ್ತದೆಯೇ?

ಉತ್ತರ: ಸಹಾಯಕ ಪ್ರಾಧ್ಯಾಪಕ, ಸಮುದಾಯ ವೈದ್ಯಶಾಸ್ತ್ರ

ಮೊದಲು ವ್ಯಾವಹಾರಿಕ ವಿಷಯ. ಎಂಡಿ ಮೂರು ವರ್ಷ. ಮುಗಿದ ಮೇಲೆ ಕೆಲವರು ನಮ್ಮಂತೆ ಕಾಲೇಜಿನಲ್ಲಿ ಪಾಠಕ್ಕೆ ನಿಲ್ಲುತ್ತಾರೆ, ಕೆಲವರು ವಿಶ್ವ ಆರೋಗ್ಯ ಸಂಸ್ಥೆಯ ಕ್ಷಯ ಅಥವಾ ಲಸಿಕೆ ಕಾರ್ಯಕ್ರಮಗಳಿಗೆ ಸಲಹೆಗಾರರಾಗಿ ಹೋಗುತ್ತಾರೆ, ಕೆಲವರು ಸರ್ಕಾರಿ ಸೇವೆಗೆ. ಸಾಂಕ್ರಾಮಿಕ ರೋಗಗಳ ಬೆನ್ನುಹತ್ತುವ ಕೆಲಸ ಇಷ್ಟವಾದರೆ ದೆಹಲಿಯ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರ 2012ರಿಂದ ನಡೆಸುತ್ತಿರುವ ಎರಡು ವರ್ಷದ ತರಬೇತಿ ಇದೆ. ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗವಿಜ್ಞಾನ ಸಂಸ್ಥೆ, ತಿರುವನಂತಪುರದ ಅಚ್ಯುತ ಮೆನನ್ ಕೇಂದ್ರ, ಇವೆರಡರ ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಕೋರ್ಸುಗಳಿಗೂ ಒಳ್ಳೆಯ ಹೆಸರಿದೆ.

ತಮಿಳುನಾಡಿನಲ್ಲಿ ಸಾರ್ವಜನಿಕ ಆರೋಗ್ಯಕ್ಕೇ ಪ್ರತ್ಯೇಕ ನಿರ್ದೇಶನಾಲಯವಿದೆ, 1939ರಿಂದ ಅದಕ್ಕೊಂದು ಕಾಯ್ದೆಯೂ ಇದೆ. ನಮ್ಮಲ್ಲಿ ಬಹುಕಾಲ ಹಾಗಿರಲಿಲ್ಲ. ಶಸ್ತ್ರಚಿಕಿತ್ಸೆ ಕಲಿತವರು ಹಿರಿತನದ ಮೇಲೆ ಜಿಲ್ಲಾ ಆರೋಗ್ಯಾಧಿಕಾರಿಯಾಗಿ, ಅತ್ತ ಶಸ್ತ್ರಚಿಕಿತ್ಸೆಯೂ ಇಲ್ಲ, ಇತ್ತ ರೋಗ ಎಲ್ಲಿ, ಹೇಗೆ ಹರಡುತ್ತಿದೆ ಎಂದು ಗಮನಿಸುವ ಸರ್ವೇಕ್ಷಣೆಯ ಅಭ್ಯಾಸವೂ ಇಲ್ಲ ಎಂದು ಒದ್ದಾಡುವುದನ್ನು ನೋಡಿದ್ದೇನೆ. ಓದಿಕೊಂಡು ಬರುವವರ ಅಗತ್ಯ ದೊಡ್ಡದು. ಸಂಬಳದಲ್ಲಿ ನಿಮ್ಮ ಸಹಪಾಠಿಗಳಿಗಿಂತ ಹಿಂದುಳಿಯುತ್ತೀರಿ. ಅದನ್ನು ಮನೆಯವರಿಗೆ ಈಗಲೇ ಹೇಳಿಬಿಡುವುದು ಒಳ್ಳೆಯದು.

ಉತ್ತರ: ಕುಟುಂಬ ವೈದ್ಯ, ಹಾಸನ

ನಾನು ಬೇರೆ ಅಭಿಪ್ರಾಯದವನು, ಬೇಸರ ಮಾಡಿಕೊಳ್ಳಬೇಡಿ. ಸೇವೆ ಮಾಡಬೇಕೆಂದರೆ ಒಳ್ಳೆಯ ಫಿಸಿಷಿಯನ್ ಆಗಿ ತಾಲ್ಲೂಕು ಮಟ್ಟದಲ್ಲಿ ಕುಳಿತುಕೊಳ್ಳಿ. ನನ್ನ ಗೆಳೆಯರೊಬ್ಬರು ತಾಲ್ಲೂಕು ಆರೋಗ್ಯಾಧಿಕಾರಿ. ಬೆಳಗ್ಗೆ ವಿಡಿಯೋ ಸಂವಾದ, ಮಧ್ಯಾಹ್ನ ತಾಲ್ಲೂಕು ಪಂಚಾಯಿತಿ ಸಭೆ, ಸಂಜೆ ಇನ್ನೊಂದು ವರದಿ. ನಡುವೆ ಯಾರದೋ ವರ್ಗಾವಣೆ, ಯಾರದೋ ದೂರು. ಚೆನ್ನಾಗಿ ಕಲಿತ ವೈದ್ಯ ಇಸಿಜಿ ಓದುವುದನ್ನೇ ಮರೆಯುತ್ತಾನೆ. ನೀವು ಗುಡಿಸಲಿನಲ್ಲಿ ಕುಳಿತು ಮಗುವಿನ ಪಾದ ಬೆಚ್ಚಗೆ ಮಾಡಿದ ಕೈ ಫೈಲಿಗೆ ಸಹಿ ಹಾಕುವುದರಲ್ಲಿ ಸವೆಯಬಾರದು ಎಂಬ ಕಾಳಜಿಯಿಂದ ಹೇಳುತ್ತಿದ್ದೇನೆ.

ಉತ್ತರ: ನಿವೃತ್ತ ಜಿಲ್ಲಾ ಆರೋಗ್ಯಾಧಿಕಾರಿ

ನಾನು ಎಂಬಿಬಿಎಸ್ ಮುಗಿಸಿ ವೈದ್ಯಾಧಿಕಾರಿಯಾಗಿ ಸೇರಿ, ಇಲಾಖೆಯ ಮೂಲಕವೇ ಡಿಪಿಎಚ್ (ಸಾರ್ವಜನಿಕ ಆರೋಗ್ಯದ ಡಿಪ್ಲೊಮಾ) ಓದಿ, ಕ್ಷಯರೋಗ ನಿಯಂತ್ರಣ, ರೋಗ ಸರ್ವೇಕ್ಷಣೆ ಎಲ್ಲ ನೋಡಿ ಕೊನೆಗೆ ಜಿಲ್ಲೆಯ ಹೊಣೆ ಹೊತ್ತವಳು. ಹಾಸನದ ಡಾಕ್ಟರು ಹೇಳಿದ ಸಭೆಗಳು, ದೂರುಗಳು ಎಲ್ಲವೂ ನಿಜ. ಆದರೆ ಅದು ಕೆಲಸದ ಸುತ್ತಲಿನ ಗದ್ದಲ. ಕೆಲಸ ಬೇರೆಯೇ ಇದೆ.

ಸಾಲಿನಲ್ಲಿ ಇಲ್ಲದವರು ಯಾರು ಎಂದು ಕೇಳಿದ್ದೀರಲ್ಲ, ಈ ದೇಶದ ಕ್ಷಯರೋಗ ಕಾರ್ಯಕ್ರಮವನ್ನು ಬದಲಿಸಿದ್ದು ಹೆಚ್ಚುಕಡಿಮೆ ಅದೇ ಪ್ರಶ್ನೆ. ಅದರ ಉತ್ತರ ಸಿಕ್ಕಿದ್ದು ನಮ್ಮ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ. ಬೆಂಗಳೂರಿನ ಬಳ್ಳಾರಿ ರಸ್ತೆಯ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯನ್ನು ನೆಹರೂ 1959ರ ಸೆಪ್ಟೆಂಬರ್ 16ರಂದು ಉದ್ಘಾಟಿಸಿದರು. ಹಳ್ಳಿಯವರಿಗೆ ರೋಗದ ಅರಿವಿಲ್ಲ, ಅವರಾಗಿ ಆಸ್ಪತ್ರೆಗೆ ಬರುವುದಿಲ್ಲ, ನಾವೇ ವಾಹನದಲ್ಲಿ ಎಕ್ಸ್-ರೇ ಹೇರಿಕೊಂಡು ಹೋಗಿ ಹುಡುಕಬೇಕು ಎಂಬುದು ಆಗಿನ ದೊಡ್ಡವರ ನಂಬಿಕೆ. ಸಂಸ್ಥೆಯಲ್ಲಿದ್ದ ದೇಬಬರ್ ಬ್ಯಾನರ್ಜಿ ಎಂಬ ವೈದ್ಯರು, ಸಹೋದ್ಯೋಗಿ ಸ್ಟಿಗ್ ಆಂಡರ್ಸನ್ ಜೊತೆ ಸೇರಿ, ಕ್ಷಯವಿದ್ದವರ ಮನೆಗೇ ಹೋಗಿ ಕೇಳಿಸಿದರು: ನಿಮಗೆ ಏನಾಗುತ್ತಿದೆ, ಅದಕ್ಕೆ ನೀವು ಏನು ಮಾಡಿದಿರಿ? ಆ ಅಧ್ಯಯನ ಅಚ್ಚಾದದ್ದು 1963ರಲ್ಲಿ, ಸಂಸ್ಥೆಯವರಿಗೆ ಅದರ ಫಲಿತಾಂಶ ಮೊದಲೇ ಗೊತ್ತಿತ್ತು. ಅದರಲ್ಲಿ ಕಂಡದ್ದು ಇಷ್ಟು. ಬಹುತೇಕ ಎಲ್ಲರಿಗೂ ತಮ್ಮ ಕೆಮ್ಮು, ಜ್ವರದ ಅರಿವಿತ್ತು. ಸುಮಾರು ಅರ್ಧದಷ್ಟು ಜನ ಆಗಲೇ ಸರ್ಕಾರಿ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧ.

ಜನ ಬಂದಿದ್ದರು, ನಾವು ವಾಪಸು ಕಳಿಸಿದ್ದೆವು. ಈ ಒಂದು ಸಂಗತಿ ಗೊತ್ತಾದ ಮೇಲೆ ಕ್ಷಯಕ್ಕೆ ಪ್ರತ್ಯೇಕ ಆಸ್ಪತ್ರೆಗಳನ್ನು ಕಟ್ಟುತ್ತಾ ಹೋಗುವ ಬದಲು, ಜನ ಹೇಗೂ ಬರುವ ಸಾಮಾನ್ಯ ಆರೋಗ್ಯ ಕೇಂದ್ರದಲ್ಲೇ ಕಫ ಪರೀಕ್ಷೆ, ಅಲ್ಲೇ ಮಾತ್ರೆ ಎಂಬ ವಿಚಾರಕ್ಕೆ ಬಲ ಬಂತು. 1962ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮ ನಿಂತದ್ದು ಆ ತಳಹದಿಯ ಮೇಲೆ. ಮನೆಯಲ್ಲೇ ಇದ್ದು ಮಾತ್ರೆ ತೆಗೆದುಕೊಂಡರೂ ಕ್ಷಯರೋಗಿಗಳನ್ನು ತಿಂಗಳುಗಟ್ಟಲೆ ಇರಿಸಿಕೊಳ್ಳುವ ಸ್ಯಾನಟೋರಿಯಂನಷ್ಟೇ ಗುಣವಾಗುತ್ತದೆ ಎಂದು ಮದರಾಸಿನ ಪ್ರಯೋಗ ಅಷ್ಟರಲ್ಲಿ ತೋರಿಸಿತ್ತು.

ಆ ದಿನಗಳಲ್ಲಿ ಭಾರತದ ಕ್ಷಯ ಕೆಲಸದಲ್ಲಿ ಸುಮಾರು ಹತ್ತು ವರ್ಷ ದುಡಿದ ಇನ್ನೊಬ್ಬ ವೈದ್ಯರ ಹೆಸರು ನಿಮಗೆ ಗೊತ್ತಿರಲಿ: ಹಾಫ್ಡಾನ್ ಮಾಹ್ಲರ್. ಡೆನ್ಮಾರ್ಕಿನವರು, ಒಬ್ಬ ಪಾದ್ರಿಯ ಮಗ. ಕೋಪನ್‌ಹೇಗನ್‌ನಲ್ಲಿ 1948ರಲ್ಲಿ ವೈದ್ಯ ಪದವಿ ಪಡೆದು, ಎಕ್ವಡಾರ್‌ನಲ್ಲಿ ಕ್ಷಯದ ಕೆಲಸ ಮಾಡಿ, 1951ರಲ್ಲಿ ಭಾರತಕ್ಕೆ ಬಂದರು. ಮುಂದೆ 1973ರಿಂದ 1988ರವರೆಗೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರು. ಅಗತ್ಯ ಔಷಧಗಳ ಮೊದಲ ಪಟ್ಟಿ 1977ರಲ್ಲಿ ಬಂದದ್ದು ಅವರ ಕಾಲದಲ್ಲಿ. 1978ರ ಅಲ್ಮಾ-ಅಟಾ ಸಮ್ಮೇಳನದಲ್ಲಿ 134 ದೇಶಗಳು ಪ್ರಾಥಮಿಕ ಆರೋಗ್ಯ ಸೇವೆಯೇ ಬುನಾದಿ ಎಂದು ಒಪ್ಪಿದ್ದೂ ಅವರ ಕಾಲದಲ್ಲಿಯೇ. ಅಷ್ಟು ಎತ್ತರದ ಕುರ್ಚಿಯಲ್ಲಿ ಕುಳಿತವರು ಹಳ್ಳಿಯ ಆರೋಗ್ಯ ಕೇಂದ್ರದ ಪರವಾಗಿ ಅಷ್ಟು ಬಿಗಿಯಾಗಿ ನಿಂತದ್ದಕ್ಕೆ ನಮ್ಮ ನಾಡಿನ ಆ ವರ್ಷಗಳೂ ಕಾರಣ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಇದನ್ನು ಓದಿಕೊಂಡೇ ನಾನು ಕ್ಷಯ ವಿಭಾಗಕ್ಕೆ ಹೋದದ್ದು. ಒಂದು ಕೇಂದ್ರದ ಹೊರರೋಗಿ ಪುಸ್ತಕವನ್ನೂ ಪ್ರಯೋಗಾಲಯದ ಪುಸ್ತಕವನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದೆ. ಎರಡು ವಾರ ದಾಟಿದ ಕೆಮ್ಮು ಎಂದು ಬರೆದ ಹೆಸರುಗಳು ಸಾಲುಸಾಲಾಗಿ ಒಂದರಲ್ಲಿ ಇದ್ದವು, ಇನ್ನೊಂದರಲ್ಲಿ ಕಾಣಲಿಲ್ಲ. ಪ್ರಯೋಗಾಲಯ ತಂತ್ರಜ್ಞರ ಹುದ್ದೆ ಖಾಲಿ ಬಿದ್ದಿತ್ತು. ಅಷ್ಟು ವರ್ಷಗಳ ನಂತರವೂ ಅದೇ ಕೆಮ್ಮಿನ ಬಾಟಲಿ! ಇವತ್ತಿಗೂ ನೆನೆದರೆ ಸಿಟ್ಟು ಬರುತ್ತದೆ. ಪಕ್ಕದ ಕೇಂದ್ರದ ತಂತ್ರಜ್ಞರನ್ನು ವಾರದಲ್ಲಿ ಕೆಲವು ದಿನ ಅಲ್ಲಿಗೆ ನಿಯೋಜಿಸಲು ಆದೇಶ ಹೊರಡಿಸಬೇಕಿತ್ತು. ಆ ಫೈಲು ಮೇಜಿನಿಂದ ಮೇಜಿಗೆ ಹೋಗುವಾಗ ನಾನೂ ಅದರ ಹಿಂದೆಯೇ ಹೋದೆ. ಆದೇಶ ಬಂತು, ಕಫ ಪರೀಕ್ಷೆ ಶುರುವಾಯಿತು, ರೋಗಿಗಳು ಸಿಕ್ಕರು. ಹಾಸನದ ಡಾಕ್ಟರೇ, ಫೈಲಿಗೆ ಹಾಕುವ ಸಹಿಯೂ ಔಷಧದ ಚೀಟಿಯೇ, ಬರೆಯುವವರು ವೈದ್ಯರಾಗಿದ್ದರೆ.

ಇನ್ನೊಂದು ಪ್ರಸಂಗ ಹೇಳುತ್ತೇನೆ, ಸರ್ವೇಕ್ಷಣೆ ಎಂದರೇನು ಎಂದು ಗೊತ್ತಾಗಲಿ. ಬೇಸಿಗೆಯ ಕೊನೆ. ಒಂದು ಊರಿನಲ್ಲಿ ವಾಂತಿಭೇದಿ. ಶಾಲೆಯಲ್ಲಿ ತಾತ್ಕಾಲಿಕ ಚಿಕಿತ್ಸಾ ಶಿಬಿರ, ಕಿಟಕಿಯ ಸರಳಿಗೆ ಸಲೈನ್ ಬಾಟಲಿಗಳು. ನಾನೂ ಮೊದಲು ಸೂಜಿ ಹಾಕುವುದಕ್ಕೇ ಕುಳಿತೆ, ಅದು ಕಾಯುವ ಕೆಲಸವಲ್ಲ. ಸ್ವಲ್ಪ ಹತೋಟಿಗೆ ಬಂದ ಮೇಲೆ ಆಶಾ ಕಾರ್ಯಕರ್ತೆಯರನ್ನು ಕರೆದು ಶಾಲೆಯ ಕರಿಹಲಗೆಯ ಮೇಲೆ ಊರನ್ನು ಬರೆಯಿರಿ ಎಂದೆ. ರಾಮಮಂದಿರ, ನೀರಿನ ಟ್ಯಾಂಕು, ಬೀದಿಗಳು. ಪ್ರತಿಯೊಬ್ಬ ರೋಗಿಯ ಮನೆಗೂ ಒಂದು ಚುಕ್ಕೆ, ಪಕ್ಕದಲ್ಲಿ ವಾಂತಿ ಶುರುವಾದ ಹೊತ್ತು. ಚುಕ್ಕೆಗಳೆಲ್ಲ ಕೆಳಗಿನ ಬೀದಿಯಲ್ಲಿ ಗುಂಪಾದವು. ಟ್ಯಾಂಕಿನ ನೀರು ಕೆಟ್ಟಿದ್ದರೆ ಇಡೀ ಊರು ಮಲಗಬೇಕಿತ್ತಲ್ಲ?

ಅದಕ್ಕೆ ಉತ್ತರ ಕೊಟ್ಟವನು ನೀರಗಂಟಿ. ಬಾಗಿಲ ಬಳಿ ಹೆದರಿಕೊಂಡು ನಿಂತಿದ್ದ, ತಪ್ಪು ತನ್ನ ತಲೆಗೇ ಬರುತ್ತದೆ ಎಂದು. ಕುರ್ಚಿ ಹಾಕಿಸಿ ಕೂರಿಸಿ ಕೇಳಿದೆ. "ಆ ಬೀದಿಗೆ ನೀರು ಕೊನೆಗೆ ಹೋಗುತ್ತದೆ ಅಮ್ಮ, ಒತ್ತಡ ಇರುವುದಿಲ್ಲ. ಅದಕ್ಕೇ ನೆಲ ಅಗೆದು ಗುಂಡಿಯೊಳಗೆ ನಲ್ಲಿ ಇಳಿಸಿಕೊಂಡಿದ್ದಾರೆ. ಕೆಲವರು ಮೋಟಾರ್ ಹಚ್ಚಿ ಎಳೆಯುತ್ತಾರೆ" ಎಂದ. ಹೋಗಿ ನೋಡಿದರೆ ನಲ್ಲಿಗುಂಡಿಗಳ ಪಕ್ಕದಲ್ಲೇ ಚರಂಡಿ, ಚರಂಡಿಯ ಅಡಿಯಲ್ಲೇ ಬಿರುಕು ಬಿಟ್ಟ ಪೈಪು. ಮೋಟಾರ್ ಎಳೆದಾಗ ನೀರಿನ ಜೊತೆ ಚರಂಡಿಯೂ ಒಳಗೆ ಬರುತ್ತದೆ. ಟ್ಯಾಂಕಿನ ಬಳಿಯ ನೀರಿಗೆ ಒಟಿ ದ್ರಾವಣ ಹಾಕಿದರೆ ಹಳದಿ ಬಂತು, ಅಂದರೆ ಕ್ಲೋರಿನ್ ಇತ್ತು. ಕೆಳಗಿನ ಬೀದಿಯ ನಲ್ಲಿಯಲ್ಲಿ ಬಣ್ಣವೇ ಬರಲಿಲ್ಲ. ಆ ಮಾರ್ಗ ಮುಚ್ಚಿಸಿ ಟ್ಯಾಂಕರ್ ನೀರು ತರಿಸಿದೆವು, ಪಂಚಾಯಿತಿಯವರು ಪೈಪನ್ನು ಚರಂಡಿಯಿಂದ ದೂರಕ್ಕೆ ಎಳೆದರು. ಹೊಸ ರೋಗಿಗಳು ಬರುವುದು ನಿಂತಿತು. ಅಷ್ಟು ಜನರಿಗೆ ಒಟ್ಟಿಗೆ ಚಿಕಿತ್ಸೆ ಕೊಟ್ಟ ತೃಪ್ತಿ ನನಗೆ ವಾರ್ಡಿನಲ್ಲಿ ಎಂದೂ ಸಿಕ್ಕಿರಲಿಲ್ಲ.

ಜಿಲ್ಲೆಯ ಹೊಣೆ ಬಂದ ಮೇಲೆ ನಾನು ಯಾರಿಗೂ ಬಿಟ್ಟುಕೊಡದ ಕೆಲಸ ತಾಯಿ ಮರಣದ ಪರಿಶೀಲನೆ. ಸತ್ತ ತಾಯಿಯ ಮನೆಗೆ ಹೋಗಬೇಕು, ಅತ್ತೆ, ಗಂಡ, ಆಶಾ, ಆಂಬುಲೆನ್ಸ್ ಚಾಲಕ ಎಲ್ಲರನ್ನೂ ಕೇಳಬೇಕು. ಮನೆ ಬಿಡುವುದು ತಡವಾಯಿತೇ, ದಾರಿಯಲ್ಲಿ ತಡವಾಯಿತೇ, ಆಸ್ಪತ್ರೆಗೆ ಬಂದ ಮೇಲೆ ರಕ್ತ ಹೊಂದಿಸುವುದು ತಡವಾಯಿತೇ? ತಡವಾದ ಜಾಗ ಸಿಕ್ಕರೆ ಅದನ್ನು ಸರಿಪಡಿಸಬಹುದು. ಒಂದು ಲಕ್ಷ ಜೀವಂತ ಜನನಕ್ಕೆ ಕರ್ನಾಟಕದ ತಾಯಿ ಮರಣ 2001-03ರಲ್ಲಿ 228 ಇತ್ತು, 2018-20ರಲ್ಲಿ 69ಕ್ಕೆ ಇಳಿಯಿತು. ಈ ಇಳಿಕೆಯ ಹಿಂದೆ ಸಾವಿರಾರು ಸಿಬ್ಬಂದಿಯ ದುಡಿಮೆ ಇದೆ. ಉಳಿದ 69 ಕೂಡ ಯಾರದೋ ಮನೆಯ ತಾಯಂದಿರು, ಅದಕ್ಕೇ ಈ ಕೆಲಸಕ್ಕೆ ನಿಮ್ಮಂಥವರು ಬೇಕು.

ಮೈ ಮುಟ್ಟಿ ನೋಡುವುದು ತಪ್ಪುತ್ತದೆಯೇ ಎಂದು ಕೇಳಿದ್ದೀರಿ. ನೀವಾಗಿ ಬಿಟ್ಟರೆ ತಪ್ಪುತ್ತದೆ. ನಾನು ಕೊನೆಯವರೆಗೂ ಕೇಂದ್ರಗಳ ತಪಾಸಣೆಗೆ ಹೋದಾಗ ಮೊದಲು ವೈದ್ಯಾಧಿಕಾರಿಯ ಪಕ್ಕದ ಸ್ಟೂಲಿನಲ್ಲಿ ಕುಳಿತು ರೋಗಿಗಳನ್ನು ನೋಡುತ್ತಿದ್ದೆ, ಪುಸ್ತಕಗಳನ್ನು ತೆಗೆಯುತ್ತಿದ್ದುದು ಆಮೇಲೆ. ಬಿಪಿ ಪಟ್ಟಿ ಹರಿದಿರುವುದು, ಮಾತ್ರೆ ಮುಗಿದಿರುವುದು ಯಾವ ವರದಿಯಲ್ಲೂ ಬರುವುದಿಲ್ಲ.

ಉತ್ತರ: ಹಿರಿಯ ಆರೋಗ್ಯ ನಿರೀಕ್ಷಕ, ಚಾಮರಾಜನಗರ

ಮೇಡಂ, ನಾನು ವೈದ್ಯನಲ್ಲ. ಆದರೆ ಅನೇಕ ಅಧಿಕಾರಿಗಳ ಕೈಕೆಳಗೆ ದುಡಿದಿದ್ದೇನೆ. ನಮ್ಮ ಜಿಲ್ಲೆಯವರೆಲ್ಲ ಕಂಡ ಒಂದು ಉದಾಹರಣೆ ಹೇಳುತ್ತೇನೆ. ಡಾ. ಎಚ್. ಸುದರ್ಶನ್ ಅವರು ಬೆಂಗಳೂರು ಮೆಡಿಕಲ್ ಕಾಲೇಜಿನಲ್ಲಿ ಓದಿ, ಬಿಳಿಗಿರಿರಂಗನ ಬೆಟ್ಟಕ್ಕೆ ಬಂದು ಸೋಲಿಗರ ನಡುವೆ ನಿಂತರು. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ, 1986ರಲ್ಲಿ ಕರುಣಾ ಟ್ರಸ್ಟ್. ಯಳಂದೂರು ತಾಲ್ಲೂಕಿನಲ್ಲಿ ಆಗ ಕುಷ್ಠರೋಗ ಬಹಳ ಇತ್ತು, ಟ್ರಸ್ಟಿನ ಕೆಲಸ ಅಲ್ಲಿಂದಲೇ ಶುರುವಾದದ್ದು. 1996ರಲ್ಲಿ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸರ್ಕಾರ ಅವರಿಗೆ ನಡೆಸಲು ಕೊಟ್ಟಿತು. 1999ರಲ್ಲಿ ರಾಜ್ಯ ಸರ್ಕಾರ ರಚಿಸಿದ ಆರೋಗ್ಯ ಕಾರ್ಯಪಡೆಗೆ ಅವರೇ ಅಧ್ಯಕ್ಷರು. ಆಮೇಲೆ ಲೋಕಾಯುಕ್ತದಲ್ಲಿ ಆರೋಗ್ಯ ಕ್ಷೇತ್ರದ ಭ್ರಷ್ಟಾಚಾರದ ಮೇಲೆ ಕಣ್ಣಿಡುವ ಕೆಲಸವನ್ನೂ ಮಾಡಿದರು. ಬೆಟ್ಟದ ಆಸ್ಪತ್ರೆಯಿಂದ ವಿಧಾನಸೌಧದವರೆಗೆ ಹೋದರೂ ಕಾಡಿನ ಪೋಡುಗಳ (ಸೋಲಿಗರ ಹಾಡಿಗಳ) ಜೊತೆಗಿನ ನಂಟು ಬಿಡಲಿಲ್ಲ. ಎಂಡಿ ಸೀಟು ಯಾವುದು ಎಂಬುದಕ್ಕಿಂತ ಅದು ಮುಖ್ಯ ಎನಿಸುತ್ತದೆ.

ಕೆಳಗಿನವರ ಕಡೆಯಿಂದ ಒಂದು ವಿನಂತಿ. ಗುರಿ ತಲುಪಿಲ್ಲ ಎಂದು ಸಭೆಯಲ್ಲಿ ಎಲ್ಲರೆದುರು ಬೈಯುವ ಅಧಿಕಾರಿಗೆ ನಮ್ಮವರು ಸುಳ್ಳು ಅಂಕಿ ಬರೆದು ಕೊಡುತ್ತಾರೆ. ಯಾಕೆ ಆಗಲಿಲ್ಲ ಎಂದು ಕೇಳುವವರಿಗೆ ನಿಜ ಹೇಳುತ್ತಾರೆ. ಸೊಳ್ಳೆಯ ಲಾರ್ವಾ ಸಮೀಕ್ಷೆಗೆ ನಮ್ಮ ಜೊತೆ ಒಂದು ಬೀದಿ ನಡೆದು, ನೀರಿನ ತೊಟ್ಟಿಯೊಳಗೆ ಟಾರ್ಚು ಬಿಟ್ಟು ನೋಡಿದ ವೈದ್ಯರ ಮಾತನ್ನು ನಾವು ಯಾರೂ ತೆಗೆದುಹಾಕುವುದಿಲ್ಲ.

ಮರುಪ್ರಶ್ನೆ: ಗ್ರಾಮೀಣ ಸೇವೆಯ ವೈದ್ಯೆ

ಎಲ್ಲರಿಗೂ ಧನ್ಯವಾದ. ಮೇಡಂ, ನಿಮ್ಮ ಉತ್ತರವನ್ನು ಅಮ್ಮನಿಗೆ ಓದಿ ಹೇಳಿದೆ. ಹಟ್ಟಿಯ ವಿಷಯದಲ್ಲಿ ಈಗಲೇ ಏನಾದರೂ ಮಾಡಬೇಕು, ಚಳಿ ಶುರುವಾಗಿದೆ. ನನಗಿಂತ ಮೊದಲು ಬಂದಿದ್ದವರೊಬ್ಬರು ಪೊಲೀಸರನ್ನು ಕರೆಸುತ್ತೇನೆ ಎಂದು ಹೆದರಿಸಿದ್ದರಂತೆ. ಅದಾದ ಮೇಲೆ ಆಶಾ ಕಾರ್ಯಕರ್ತೆಯನ್ನೂ ಕೆಲವು ಕಾಲ ಒಳಗೆ ಬಿಟ್ಟಿರಲಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ನಿವೃತ್ತ ಜಿಲ್ಲಾ ಆರೋಗ್ಯಾಧಿಕಾರಿ

ಕಾನೂನು ಇದೆ. 2017ರ ಮೌಢ್ಯ ನಿಷೇಧ ಕಾಯ್ದೆಯಲ್ಲಿ ಹೆಣ್ಣುಮಕ್ಕಳನ್ನು ಹೀಗೆ ಹೊರಗಿಡುವುದೂ ಸೇರುತ್ತದೆ. ಪ್ರಾಣಕ್ಕೆ ಅಪಾಯವಿದ್ದರೆ ಅದನ್ನು ಬಳಸಲು ಹಿಂಜರಿಯಬೇಡಿ. ಆದರೆ ಮೊದಲ ದಿನವೇ ಅದನ್ನು ಹಿಡಿದುಕೊಂಡು ಹೋದರೆ ಗುಡಿಸಲು ಇನ್ನೂ ದೂರದ ಹೊಲಕ್ಕೆ ಹೋಗುತ್ತದೆ, ನಿಮ್ಮ ಕಣ್ಣಿಗೆ ಬೀಳುವುದಿಲ್ಲ.

ಆಶಾ ಕಾರ್ಯಕರ್ತೆಯ ಮನೆ ಭೇಟಿಗಳು 3, 7, 14, 21, 28 ಮತ್ತು 42ನೇ ದಿನ ಇರುತ್ತವೆ. ಮೊದಲ ಎರಡಕ್ಕೆ ನೀವೂ ಹೋಗಿ. ತೂಕದ ಯಂತ್ರ, ಥರ್ಮಾಮೀಟರ್ ಜೊತೆಗಿರಲಿ. ಮಗುವಿನ ಮೈಶಾಖವನ್ನು ಅಜ್ಜಿಯ ಎದುರೇ ನೋಡಿ, ಅವರ ಕೈಯಿಂದಲೇ ಪಾದ ಮುಟ್ಟಿಸಿ. ಹಟ್ಟಿಯಲ್ಲಿ ಹಿರಿಯ ಹೆಂಗಸರು ಒಪ್ಪದೆ ಯಾವುದೂ ನಡೆಯುವುದಿಲ್ಲ, ಅವರೆಲ್ಲ ತಾವೂ ಆ ಗುಡಿಸಲಿನಲ್ಲಿ ಮಲಗಿ ಬಂದವರೇ. ಆಗ ಹೇಗಿತ್ತು ಎಂದು ಅವರನ್ನೇ ಕೇಳಿ, ಪೂರ್ತಿ ಹೇಳಲು ಬಿಡಿ. ಪೂಜಾರಪ್ಪನ ಜೊತೆ ಮಾತು ಆಮೇಲೆ, ಅದೂ ಹಟ್ಟಿಯಲ್ಲಿ ಓದಿದ ಒಬ್ಬ ಹುಡುಗನೋ ಹುಡುಗಿಯೋ ಜೊತೆಗಿದ್ದಾಗ.

ಕೆಲವು ಹಟ್ಟಿಗಳ ಪಕ್ಕದಲ್ಲಿ ಸರ್ಕಾರ ಇದಕ್ಕೆಂದೇ ಪಕ್ಕಾ ಕಟ್ಟಡ ಕಟ್ಟಿಸಿದೆ. ಅದರಿಂದ ಸಂಪ್ರದಾಯ ಗಟ್ಟಿಯಾಗುತ್ತದೆ ಎಂದು ಆಕ್ಷೇಪಿಸುವವರಿದ್ದಾರೆ, ಅವರ ಮಾತಿನಲ್ಲಿ ಹುರುಳಿದೆ. ಆದರೂ ಈ ಚಳಿಗಾಲದಲ್ಲಿ ಹುಟ್ಟುವ ಮಗುವಿಗೆ ನಾಲ್ಕು ಗೋಡೆ ಬೇಕೇ ಬೇಕು. ಹಟ್ಟಿಯ ಅಂಗನವಾಡಿಯ ಕೋಣೆಯನ್ನು ರಾತ್ರಿ ಹೊತ್ತು ಕೊಡಲು ಸಾಧ್ಯವೇ ಎಂದು ಮೇಲ್ವಿಚಾರಕಿಯನ್ನು ಕೇಳಿ. ಇದು ನಿಮ್ಮ ಇಲಾಖೆಯದಲ್ಲ, ಹಾಗಾಗಿ ತಾಲ್ಲೂಕು ಆರೋಗ್ಯಾಧಿಕಾರಿಯಿಂದ ಒಂದು ಪತ್ರ ಬರೆಸಿಕೊಂಡು ಹೋಗುವುದು ವಾಸಿ. ಈ ವರ್ಷ ಆ ಹಟ್ಟಿಯಲ್ಲಿ ಎಷ್ಟು ಹೆರಿಗೆ, ಯಾವ ತಿಂಗಳು, ಮಗುವಿನ ತೂಕ ಎಷ್ಟು, ಎಷ್ಟು ಮಕ್ಕಳನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಪತ್ರಕ್ಕೆ ಲಗತ್ತಿಸಿ. ತಾಯಿ ಕಾರ್ಡುಗಳಿಂದ ಇದು ಒಂದು ಸಂಜೆಯಲ್ಲಿ ಆಗುವ ಕೆಲಸ.

ಡಿಸೆಂಬರ್, ಜನವರಿಯಲ್ಲಿ ಹೆರಿಗೆಯ ದಿನಾಂಕ ಇರುವವರ ಹೆಸರನ್ನು ಮೊದಲು ತೆಗೆಯಿರಿ. ಅವರ ಮನೆಗಳಿಗೆ ಹೆರಿಗೆಗೆ ಮೊದಲೇ ಹೋಗಬೇಕು. ಕೋಣೆಯ ವಿಷಯ ಏನಾಯಿತು ಎಂದು ಇಲ್ಲಿ ಬರೆಯಿರಿ. ಪತ್ರದ ಒಕ್ಕಣೆಗೆ ಸಹಾಯ ಬೇಕಿದ್ದರೂ ಕೇಳಿ, ಬರೆದು ಕೊಡುತ್ತೇನೆ.